ಜಾವಾಕ್ಕೆ ಹೊಸ ಸಿಲಿಂಡರ್ ಎರಕ ಹೊಯ್ಸಬಹುದಾ?

ಬದಿಯಡ್ಕ_ಜಾವಾ:
ಅಜ್ಜನ 1969ರ ಜಾವಾ 250 ಬೈಕ್ ಉಂಟು, ಮೈಸೂರಿನದ್ದು. ಹದಿನೆಂಟು ವರ್ಷ ಅಡಿಕೆ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಮಳೆಗಾಲದಲ್ಲಿ ಮಾಡು ಸೋರಿ ಸಿಲಿಂಡರ್ ಬ್ಲಾಕಿನೊಳಗೆ ನೀರು ಹೋಗಿದೆ. ಪಿಸ್ಟನ್ ಹಿಡಿದುಕೊಂಡಿತ್ತು. ಇಲ್ಲಿನ ಒಬ್ಬರು ಸುತ್ತಿಗೆಯಲ್ಲಿ ಹೊಡೆದೇ ಬಿಡಿಸಿದರು, ಆ ಗಲಾಟೆಯಲ್ಲಿ ಬ್ಲಾಕನ್ನು ತಣಿಸುವ ಹೊರಗಿನ ತೆಳು ರೆಕ್ಕೆ, ಅಂದರೆ ಫಿನ್, ಎರಡು ಮುರಿಯಿತು (ನಾನು ಚಹಾ ತರಲು ಹೋಗಿದ್ದೆ, ಬರುವಷ್ಟರಲ್ಲಿ ಕೆಲಸ ಮುಗಿದಿತ್ತು). ಒರಿಜಿನಲ್ ಬೋರ್ (ಪಿಸ್ಟನ್ ಓಡುವ ತೂತಿನ ಅಗಲ) 65 ಮಿ.ಮೀ., ಈಗ ಅಳೆದರೆ 66.6, ಗೋಡೆಯಲ್ಲಿ ತುಕ್ಕಿನ ಹೊಂಡ ಬೇರೆ. ಕೆರೆದು ಇನ್ನೂ ಅಗಲ ಮಾಡಿಸುವ ಅಂದರೆ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ನನಗೆ ಎಲ್ಲೂ ಸಿಗಲಿಲ್ಲ. ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಹೊಸ ಬ್ಲಾಕ್ ಎಲ್ಲಿಂದ ತರುವುದು? ಇದನ್ನೇ ಮಾದರಿ ಇಟ್ಟು ಹೊಸದು ಮಾಡಿಸಿದವರು ಯಾರಾದರೂ ಇದ್ದೀರಾ ಮಾರಾಯ್ರೇ?

ಗಡಹಿಂಗ್ಲಜ_ಎರಕ:
ನಾನು ಕೊಲ್ಹಾಪುರದ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಒತ್ತುವ ಮಾದರಿ) ಕೆಲಸ ಮಾಡುತ್ತೇನೆ. ಹೊಯ್ಸಬಹುದು ರೀ, ಆದರೆ ಒಂದೇ ಒಂದು ಪೀಸ್ ಅಂದರೆ ನಮ್ಮಲ್ಲಿ ನಗ್ತಾರೆ. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ 100 ಮಿ.ಮೀ. ಬೇಕಾದಲ್ಲಿ ಪ್ಯಾಟರ್ನ್ 101 ಇರಬೇಕು, ಮೇಲೆ ಲೇತಿನಲ್ಲಿ ಕೆರೆಯಲು ಎರಡು ಮೂರು ಮಿ.ಮೀ. ಬಿಡಬೇಕು. ಇಷ್ಟು ಸುಲಭ. ತ್ರಾಸು ಇರೋದು ಒಳಗಿನ ದಾರಿಗಳಲ್ಲಿ. ಟೂ ಸ್ಟ್ರೋಕ್ ಬ್ಲಾಕಿನಲ್ಲಿ ಕೆಳಗಿನ ಕ್ರ್ಯಾಂಕ್ ಕೇಸಿನಿಂದ ಪೆಟ್ರೋಲು-ಗಾಳಿ ಮೇಲೆ ಬರುವ ಟ್ರಾನ್ಸ್‌ಫರ್ ದಾರಿ, ಹೊಗೆ ಹೊರಹೋಗುವ ಎಕ್ಸಾಸ್ಟ್ ದಾರಿ, ಎಲ್ಲದಕ್ಕೂ ಬೇರೆ ಬೇರೆ ಮರಳಿನ ಕೋರ್ (ಎರಕದೊಳಗೆ ಟೊಳ್ಳು ಉಳಿಸುವ ಅಚ್ಚು) ಮಾಡಬೇಕು. ಒಂದು ಕೋರ್ ಸ್ವಲ್ಪ ಸರಿದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಫಿನ್ನು ತೆಳು ಇರುವುದರಿಂದ ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗಿ ಬಿಡುತ್ತದೆ. ಮೊದಲ ಎರಕ ಸರಿ ಬಂದರೆ ನಿಮ್ಮ ಅದೃಷ್ಟ. ಹತ್ತು ಜನ ಸೇರಿ ಹತ್ತು ಬ್ಲಾಕ್ ಮಾಡಿಸುವುದಾದರೆ ಮಾತಾಡೋಣ. ಒಂದಕ್ಕೆ ಬೇಡ.

ಹೊಸೂರು_ಲೇತ್:
ಎರಕದ ಮಾತು ಬಿಡಿ ಸಾರ್. ಬ್ಲಾಕ್ ಸೀಳಿಲ್ಲ ಅಂದರೆ ಲೈನರ್ (ಬೋರಿನೊಳಗೆ ಬಿಗಿಯಾಗಿ ಕೂರಿಸುವ ಹೊಸ ಕೊಳವೆ) ಹಾಕಿ. ಲೆಕ್ಕ ನೋಡಿ: ಒಳಗೆ 65, ಗೋಡೆ 2.5, ಅಂದರೆ ಲೈನರ್ ಹೊರಗೆ 70. ನಿಮ್ಮ 66.6ನ್ನು 70ಕ್ಕೆ ತೆಗೆದರೆ ಒಂದೊಂದು ಕಡೆ ಹೋಗುವುದು 1.7 ಮಿ.ಮೀ. ಅಷ್ಟೆ. ಟ್ರಾನ್ಸ್‌ಫರ್ ದಾರಿಯ ಹತ್ತಿರ ಅಷ್ಟು ಮಾಂಸ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಬಿಗಿ, ಅಂದರೆ ತೂತಿಗಿಂತ ಲೈನರ್ ದಪ್ಪ ಇರಬೇಕಾದ್ದು, ಒಂದೂವರೆಯಿಂದ ಎರಡು ಥೌ (ಇಂಚಿನ ಸಾವಿರದ ಒಂದು ಭಾಗ), ಅಂದರೆ 0.05 ಮಿ.ಮೀ. ಒಳಗೆ. ಬ್ಲಾಕನ್ನು ಓವನ್‌ನಲ್ಲಿ 150 ಡಿಗ್ರಿಗೆ ಬಿಸಿ ಮಾಡಿ, 70ರ ತೂತು ಸುಮಾರು 0.09 ಹಿಗ್ಗುತ್ತದೆ, ಲೈನರ್ ತಾನಾಗಿ ಇಳಿಯುತ್ತದೆ. ಸುತ್ತಿಗೆ ಮುಟ್ಟಬೇಡಿ, ಒಂದು ಸಲ ಆಯ್ತಲ್ವಾ! ಲೈನರ್ ತಲೆಗೆ ಹೊರಚಾಚಿದ ಕಾಲರ್ ಇರಲಿ, ಇಲ್ಲವಾದರೆ ಒಂದು ದಿನ ಕೆಳಗೆ ಜಾರುತ್ತದೆ. ಮುರಿದ ಫಿನ್ನು ಬೆಸೆಯುವುದಿದ್ದರೆ ಎಲ್ಲಕ್ಕಿಂತ ಮೊದಲು, ನಿಕ್ಕಲ್ ರಾಡಿನಲ್ಲಿ, ಬೆಸೆದು ಬೂದಿಯಲ್ಲಿ ಹೂತಿಟ್ಟು ನಿಧಾನ ಆರಿಸಿ. ಬೋರ್ ಹಾಕಿದ ಮೇಲೆ ಬೆಸೆದರೆ ತೂತು ಸೊಟ್ಟಗಾಗುತ್ತದೆ.

ಲೈನರಿನಲ್ಲಿ ಪೋರ್ಟ್ (ಆ ದಾರಿಗಳು ಬೋರಿಗೆ ತೆರೆಯುವ ಕಿಟಕಿ) ಕತ್ತರಿಸುವುದು ಮಾತ್ರ ಅವಸರದ ಕೆಲಸ ಅಲ್ಲ. ಹಳೇ ಬೋರಿನೊಳಗೆ ಬಿಳಿ ಕಾಗದ ಸುತ್ತಿ ಒತ್ತಿ ಹಿಡಿದು, ಪೋರ್ಟಿನ ಅಂಚಿನ ಮೇಲೆ ಪೆನ್ಸಿಲ್ ಉಜ್ಜಿ. ಬಿಚ್ಚಿ ಹರಡಿದರೆ ಎಲ್ಲ ಕಿಟಕಿಗಳ ನಕ್ಷೆ ಸಿಗುತ್ತದೆ. ಅದನ್ನೇ ಲೈನರಿಗೆ ಇಳಿಸಿ. ಕತ್ತರಿಸಿದ ಅಂಚನ್ನು ಉಜ್ಜಿ ಮೊಂಡು ಮಾಡದಿದ್ದರೆ ಪಿಸ್ಟನ್ ರಿಂಗು ಸಿಕ್ಕಿಕೊಂಡು ತುಂಡಾಗುತ್ತದೆ. ಕೊನೆಯ ಬೋರು, ಹೋನಿಂಗು (ಒಳಗೋಡೆ ಉಜ್ಜಿ ನಯ ಮಾಡುವುದು) ಎರಡನ್ನೂ ಪಿಸ್ಟನ್ ಕೈಯಲ್ಲಿ ಇಟ್ಟುಕೊಂಡೇ ಮಾಡಿಸಿ.

ಬದಿಯಡ್ಕ_ಜಾವಾ:
ಕಾಗದದ ಉಪಾಯ ನಿನ್ನೆ ಮಾಡಿದೆ. ಒಂದು ವಿಚಿತ್ರ ಕಂಡಿತು. ಎಕ್ಸಾಸ್ಟ್ ಪೋರ್ಟಿನ ಮೇಲಂಚು ನೇರ ಇಲ್ಲ, ಎಡಕ್ಕೆ ಒಂದೂವರೆ ಮಿ.ಮೀ. ಏರಿದೆ. ಟಾರ್ಚ್ ಹಾಕಿ ನೋಡಿದರೆ ಅರದ ಗೀರು! ಯಾವನೋ ಪುಣ್ಯಾತ್ಮ ಸ್ಪೀಡ್ ಬರಲಿ ಅಂತ ಉಜ್ಜಿದ್ದಾನೆ. ಮನೆಯಲ್ಲಿ ಕೇಳಿದರೆ ಚಿಕ್ಕಪ್ಪ ಸುಮ್ನೆ ಎದ್ದು ತೋಟಕ್ಕೆ ಹೋದರು.

ಹೊಸೂರು_ಲೇತ್:
ಹಾ ಹಾ, ಸಿಕ್ಕಿಬಿದ್ದರು. ಹಾಗಾದರೆ ನಿಮ್ಮ ನಕ್ಷೆ ನಂಬಬೇಡಿ, ಚಿಕ್ಕಪ್ಪನ ತಪ್ಪೇ ಹೊಸ ಲೈನರಿಗೂ ಬರುತ್ತದೆ. ಯಾರೂ ಕೈ ಹಾಕದ ಬ್ಲಾಕ್ ಹುಡುಕಿ, ಅದೇ ಮಾಡೆಲ್ಲಿನದ್ದು. ಮೇಲಿನ ಮುಖದಿಂದ ಪೋರ್ಟಿನ ಅಂಚಿಗೆ ಎಷ್ಟು ಅಂತ ಅಳೆಯಿರಿ. ಕಾಗದ ಒಂದನ್ನೇ ನೆಚ್ಚಬೇಡಿ, ವರ್ನಿಯರಿನಲ್ಲೂ ಅಳೆದು ಬರೆದಿಟ್ಟುಕೊಳ್ಳಿ.

ಉಪ್ಪಳ_ಟೂಸ್ಟ್ರೋಕ್:
ನನ್ನದು 1967ರದ್ದು, ಒಬ್ಬರ ಕೈಯಲ್ಲೇ ಓಡಿದ ಗಾಡಿ, ಇನ್ನೂ ಮೊದಲ ಬೋರ್. ರಿಂಗ್ ಬದಲಿಸಲು ಬ್ಲಾಕ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದೇನೆ. ಭಾನುವಾರ ಬನ್ನಿ, ಕಾಗದ ಪೆನ್ಸಿಲ್ ತನ್ನಿ. ಚಿಕ್ಕಪ್ಪನನ್ನೂ ಕರೆದುಕೊಂಡು ಬನ್ನಿ, ಅರ ಮಾತ್ರ ಮನೆಯಲ್ಲೇ ಇರಲಿ.