ತೋಟದ ಏರಿಗೆ ಹಗುರವಾದ ಬ್ಯಾಟರಿ ಗಾಡಿ: 1.2 ಲಕ್ಷದಲ್ಲಿ ಆಗುತ್ತದಾ?

ಘಟ್ಟದಗಾಡಿ:
ಶಿರಸಿ ಕಡೆಯ ಅಡಿಕೆ ತೋಟಕ್ಕೆ ನಾಲ್ಕು ಚಕ್ರದ ಬ್ಯಾಟರಿ ಗಾಡಿ ಕಟ್ಟಬೇಕು. ಇಬ್ಬರು ಕೂರಬೇಕು, ಹಿಂದೆ 70 ಕೆ.ಜಿ. ಗೊಬ್ಬರವೋ ಅಡಿಕೆಯೋ ಹೇರುವಂತಿರಬೇಕು. ಮನೆ ಮೇಲೆ, ತೋಟ ಕೆಳಗೆ. ಮಣ್ಣಿನ ದಾರಿ. ಕಡಿದಾದ ಕಡೆ ಸುಮಾರು 200 ಮೀಟರ್ ಉದ್ದಕ್ಕೆ 15% ಏರು ಇದೆ. ದಿನಕ್ಕೆ 20 ಕಿ.ಮೀ. ಓಡಿದರೆ ಸಾಕು. ವೆಲ್ಡಿಂಗ್ ಮಷಿನ್ ಇದೆ. 1000 ವ್ಯಾಟಿನ ಎರಡು ಹಬ್ ಮೋಟಾರ್ (ಚಕ್ರದೊಳಗೇ ಕೂರುವ ಮೋಟಾರ್), 12 ವೋಲ್ಟ್ 100 ಎ.ಎಚ್. ಲೆಡ್ ಆಸಿಡ್ ಬ್ಯಾಟರಿ ನಾಲ್ಕು, ಇದು ಸದ್ಯದ ಯೋಚನೆ. ಸರಿಯಾ? ಊರ ರಸ್ತೆಗೂ ಇಳಿಸಬಹುದಾ?

ಸ್ಪ್ಯಾನರ್14:
ರಸ್ತೆಯ ಆಸೆ ಬಿಡಿ. ಟೈಪ್ ಅಪ್ರೂವಲ್ (ಗಾಡಿಯ ಮಾದರಿಗೆ ಪರೀಕ್ಷೆ ಮಾಡಿ ಕೊಡುವ ಒಪ್ಪಿಗೆ) ಇಲ್ಲದ ಗಾಡಿಗೆ ಆರ್‌ಟಿಒದಲ್ಲಿ ನೋಂದಣಿ ಆಗುವುದಿಲ್ಲ. 250 ವ್ಯಾಟ್, 25 ಕಿ.ಮೀ. ವೇಗದ ವಿನಾಯಿತಿ ಎರಡು ಚಕ್ರದ ಗಾಡಿಗೆ ಮಾತ್ರ. ನಿಮ್ಮ ಜಮೀನಿನೊಳಗೆ ಓಡಿಸಿಕೊಳ್ಳಿ.

ಹಬ್ ಮೋಟಾರ್ ಈ ಏರಿಗೆ ಆಗಿಬರುವುದಿಲ್ಲ, ಲೆಕ್ಕ ನೋಡಿ. ಗಾಡಿ 220, ಜನ 130, ಹೊರೆ 70, ಒಟ್ಟು 420 ಕೆ.ಜಿ. 15% ಏರಿಗೆ ಸುಮಾರು 620 ನ್ಯೂಟನ್, ಮಣ್ಣಿನ ದಾರಿಯ ಎಳೆತಕ್ಕೆ ಇನ್ನೊಂದು 140. ಒಟ್ಟು 760. 3.75-12 ಟಯರಿನ ತ್ರಿಜ್ಯ ಸುಮಾರು 0.24 ಮೀಟರ್, ಹಾಗಾಗಿ ಚಕ್ರದ ಹತ್ತಿರ 180 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಗೇರ್ ಇಲ್ಲದ ಹಬ್ ಮೋಟಾರ್ ತಲಾ 90 ಕೊಡಬೇಕಾಗುತ್ತದೆ. ಆ ನಿಧಾನ ವೇಗದಲ್ಲಿ ಅದು ತಿಂದ ಕರೆಂಟಿನ ಬಹುಪಾಲು ಶಾಖವಾಗಿ ವೈಂಡಿಂಗ್ ಸುಡುತ್ತದೆ.

ಇ-ರಿಕ್ಷಾದ ಹಿಂದಿನ ಆಕ್ಸಲ್ ಹುಡುಕಿ. ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್), ಮೋಟಾರ್ ಕೂರಿಸುವ ಫ್ಲೇಂಜ್, ಡ್ರಮ್ ಬ್ರೇಕ್ ಎಲ್ಲ ಒಟ್ಟಿಗೇ ಸಿಗುತ್ತದೆ. ಆದರೆ ಅದರ ಗೇರ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಮೋಟಾರ್ ತಿರುಗುವ ಸುತ್ತು) 10:1 ಆಸುಪಾಸು, ಅದು ನಿಮಗೆ ಸಾಲದು. ಲೋಡರ್ ಗಾಡಿಯ ಹೈ-ಲೋ ಗೇರ್ ಇರುವ ಆಕ್ಸಲ್ ನೋಡಿ, ಲೋನಲ್ಲಿ 16:1ರ ಹತ್ತಿರ ಇರಲಿ. 48 ವೋಲ್ಟ್ 2000 ವ್ಯಾಟ್, 3000 ಆರ್‌ಪಿಎಂನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರ್ ನಿರಂತರವಾಗಿ 6.4 ನ್ಯೂಟನ್ ಮೀಟರ್ ಕೊಡುತ್ತದೆ. ಏರಿಗೆ ಬೇಕಾದದ್ದು ಸುಮಾರು 13. ಅಂದರೆ ಎರಡು ಪಟ್ಟು ಲೋಡು, 10 ಕಿ.ಮೀ. ವೇಗದಲ್ಲಿ 200 ಮೀಟರ್ ಏರಲು ಒಂದೂಕಾಲು ನಿಮಿಷ. ಅಷ್ಟು ತಡೆಯುತ್ತದೆ, ಆದರೆ ಮೇಲೆ ಬಂದ ಮೇಲೆ ಆರಲು ಬಿಡಿ. ಲೋನಲ್ಲಿ ಹೆಚ್ಚೆಂದರೆ ಗಂಟೆಗೆ 17 ಕಿ.ಮೀ. ಓಡುತ್ತದೆ. ತೋಟಕ್ಕೆ ಧಾರಾಳ.

ಅಂಗಡಿಯವನು ಹೇಳಿದ ರೇಶಿಯೋ ನಂಬಬೇಡಿ. ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ತಿರುಗಲು ಮೋಟಾರ್ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಎಣಿಸಿ. ಒಂದೇ ಚಕ್ರ ಎತ್ತಿ ಎಣಿಸಿದರೆ ಡಿಫರೆನ್ಷಿಯಲ್‌ನಿಂದಾಗಿ ಅರ್ಧ ಲೆಕ್ಕ ಬರುತ್ತದೆ.

ಫ್ರೇಮಿಗೆ 40×40×2 ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್ ಮೀಟರಿಗೆ 2.4 ಕೆ.ಜಿ. ತೂಗುತ್ತದೆ, 25×25×2 ಆದರೆ 1.4. ಉದ್ದದ ಎರಡು ಮಾತ್ರ ದಪ್ಪ, ಉಳಿದದ್ದು ತೆಳು ಹಾಕಿ ತ್ರಿಕೋನ ಕಟ್ಟಿ. 2.5 ಎಂ.ಎಂ. 6013 ವೆಲ್ಡಿಂಗ್ ರಾಡ್, 65-75 ಆಂಪ್ ಇಟ್ಟರೆ ಪೈಪ್ ತೂತಾಗುವುದಿಲ್ಲ. ಜಿ.ಐ. ಪೈಪ್ ಬೇಡ, ಸತುವಿನ ಹೊಗೆ ಕೆಟ್ಟದ್ದು.

ಸೆಲ್_ಮೇಸ್ತ್ರಿ:
ಲೆಡ್ ಆಸಿಡ್ ನಾಲ್ಕು ಸೇರಿದರೆ 110 ಕೆ.ಜಿ. ದಾಟುತ್ತದೆ. ಗಾಡಿಯ ಅರ್ಧ ತೂಕ ಅದೇ ಆಯಿತು. ಅದರಲ್ಲೂ ಬಾಳಿಕೆ ಬೇಕೆಂದರೆ ಅರ್ಧ ಚಾರ್ಜ್ ಮಾತ್ರ ಬಳಸಬೇಕು.

ಏರಿಳಿತದ ಮಣ್ಣಿನ ದಾರಿಗೆ ಕಿ.ಮೀ.ಗೆ 80 ವ್ಯಾಟ್-ಅವರ್ ಹಿಡಿಯಿರಿ, 20 ಕಿ.ಮೀ.ಗೆ 1.6 ಯೂನಿಟ್. 3.2 ವೋಲ್ಟ್ 60 ಎ.ಎಚ್. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ 16 ಸರಣಿಯಲ್ಲಿ ಜೋಡಿಸಿದರೆ 51.2 ವೋಲ್ಟ್, 3 ಯೂನಿಟ್, ಪೆಟ್ಟಿಗೆ ಸೇರಿ 25-30 ಕೆ.ಜಿ. 100 ಎ.ಎಚ್. ಕೊಳ್ಳುವ ದುಡ್ಡನ್ನು ಬ್ರೇಕಿಗೆ ಹಾಕಿ. ಏರಿನಲ್ಲಿ 10 ಕಿ.ಮೀ. ವೇಗಕ್ಕೆ ಸುಮಾರು 55 ಆಂಪ್ ಎಳೆಯುತ್ತದೆ. 100 ಆಂಪಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್), 25 ಚ.ಮಿ.ಮೀ. ತಾಮ್ರದ ಕೇಬಲ್, ಕ್ರಿಂಪ್ ಮಾಡಿದ ಲಗ್. ಜೋಡಿಸುವ ಮೊದಲು ಎಲ್ಲ ಸೆಲ್ ಸಮಾನಾಂತರವಾಗಿ ಕಟ್ಟಿ 3.65 ವೋಲ್ಟಿಗೆ ಚಾರ್ಜ್ ಮಾಡಿ, ಇಲ್ಲವಾದರೆ ಒಂದು ಸೆಲ್ ಮೊದಲೇ ತುಂಬಿ ಬಿಎಂಎಸ್ ಪದೇ ಪದೇ ಕಟ್ ಮಾಡುತ್ತದೆ.

ಘಟ್ಟದಗಾಡಿ:
ಲೆಕ್ಕ ಅರ್ಥವಾಯ್ತು. ಫ್ಯೂಸ್ ಬದಲು ಮನೆಯ ಎಂಸಿಬಿ ಹಾಕಬಹುದಾ? ಇಳಿಯುವಾಗ ರೀಜೆನ್‌ನಿಂದ (ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟ್ ತುಂಬುವುದು) ಬ್ರೇಕ್ ಉಳಿಸಬಹುದಾ?

ಸೆಲ್_ಮೇಸ್ತ್ರಿ:
ಮನೆಯ ಎಸಿ ಎಂಸಿಬಿ ಬೇಡ. ಡಿಸಿ ಕರೆಂಟ್ ಸೊನ್ನೆಗೆ ಬರುವುದೇ ಇಲ್ಲ, ಹಾಗಾಗಿ ಒಳಗಿನ ಆರ್ಕ್ ನಂದದೆ ಎಂಸಿಬಿಯೇ ಉರಿಯಬಹುದು. ಡಿಸಿಗೆಂದೇ ಇರುವ 100 ಆಂಪಿನ ಫ್ಯೂಸನ್ನು ಬ್ಯಾಟರಿ ಪ್ಲಸ್ ಪಕ್ಕದಲ್ಲೇ ಹಾಕಿ. ನಂತರ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ಚಾಲೂ ಆಗುವ ದೊಡ್ಡ ಸ್ವಿಚ್), ಅದಕ್ಕೆ ಅಡ್ಡಲಾಗಿ 100 ಓಮ್ 10 ವ್ಯಾಟ್ ರೆಸಿಸ್ಟರ್ ಮತ್ತು ಪುಟ್ಟ ಸ್ವಿಚ್. ಮೊದಲು ಆ ಸ್ವಿಚ್ ಎರಡು ಸೆಕೆಂಡ್ ಒತ್ತಿ, ಆಮೇಲೆ ಕಾಂಟ್ಯಾಕ್ಟರ್. ನೇರ ಕೊಟ್ಟರೆ ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಹಂಚುವ ಡಬ್ಬಿ) ಕೆಪಾಸಿಟರಿಗೆ ನುಗ್ಗುವ ಕರೆಂಟಿಗೆ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದರೆ ತುರ್ತಿನಲ್ಲಿ ಗಾಡಿ ಆಫ್ ಆಗುವುದೇ ಇಲ್ಲ.

ರೀಜೆನ್ ನಿಮ್ಮ ಜಾಗಕ್ಕೆ ಅಪಾಯ. ರಾತ್ರಿ ಪೂರ್ತಿ ಚಾರ್ಜ್ ಆದ ಬ್ಯಾಟರಿ, ಬೆಳಿಗ್ಗೆ ಮೊದಲ ಕೆಲಸವೇ ಇಳಿಯುವುದು! ತುಂಬಿದ ಬ್ಯಾಟರಿಗೆ ಮತ್ತೆ ತುಂಬಿದರೆ ಬಿಎಂಎಸ್ ಕಟ್ ಮಾಡುತ್ತದೆ, ಬ್ರೇಕ್ ಹಿಡಿತ ತಟ್ಟನೆ ಹೋಗುತ್ತದೆ, ವೋಲ್ಟೇಜ್ ಮೇಲೇರಿ ಕಂಟ್ರೋಲರಿನ ಮಾಸ್‌ಫೆಟ್ (ಕರೆಂಟ್ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್) ಸುಡಬಹುದು.

ಸ್ಪ್ಯಾನರ್14:
ಅದಕ್ಕೇ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಮಾಡಿಸಿ. ಇ-ರಿಕ್ಷಾದ ಹಿಂದಿನ ಡ್ರಮ್ ಒಂದೇ ಸಾಲದು, ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಗುಜರಿಯಲ್ಲಿ ಮಾರುತಿ 800ರ ಟ್ಯಾಂಡಮ್ (ಎರಡು ಪ್ರತ್ಯೇಕ ಬ್ರೇಕ್ ಲೈನಿನ) ಮಾಸ್ಟರ್ ಸಿಲಿಂಡರ್, ಸ್ಟಿಯರಿಂಗ್ ರ‍್ಯಾಕ್ ಹುಡುಕಿ. ಸಿಲಿಂಡರಿನ ರಬ್ಬರ್ ಕಿಟ್ ಮಾತ್ರ ಹೊಸದು ಹಾಕಿ. ಹ್ಯಾಂಡ್ ಬ್ರೇಕ್ ಕೇಬಲ್ಲಿನದು ಬೇರೆಯೇ ಇರಲಿ.

ಬ್ಯಾಟರಿ ಸೀಟಿನ ಕೆಳಗೆ, ಆದಷ್ಟು ತಗ್ಗಿನಲ್ಲಿ, ಹಿಂದಿನ ಚಕ್ರದ ಕಡೆಗೆ ಬರಲಿ. ಮಳೆಗಾಲದ ಕೆಸರಿನಲ್ಲಿ ಹಿಂದೆ ಭಾರ ಇಲ್ಲದಿದ್ದರೆ ಒಂದೇ ಚಕ್ರ ಸುಮ್ಮನೆ ತಿರುಗುತ್ತದೆ.

ವೈರ್‌ಮನ್_ಕೆ:
ಒಂದು ಬಿಟ್ಟು ಹೋಗಿದೆ. ಹಾಲ್ ಥ್ರಾಟಲ್‌ನಲ್ಲಿ (ಅಯಸ್ಕಾಂತದ ಸೆನ್ಸರ್ ಇರುವ ಆಕ್ಸಿಲರೇಟರ್) ಮೂರು ವೈರು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಗ್ರೌಂಡ್ ವೈರ್ ತುಂಡಾದರೆ ಸಿಗ್ನಲ್ ಮೇಲಕ್ಕೇರಿ ಗಾಡಿ ಪೂರ್ತಿ ವೇಗದಲ್ಲಿ ನುಗ್ಗಬಹುದು. ಆ ವೈರುಗಳಿಗೆ ಸ್ಲೀವ್ ಹಾಕಿ ಬಿಗಿಯಾಗಿ ಕಟ್ಟಿ, ಬ್ರೇಕ್ ಪೆಡಲಿಗೆ ಕಟ್-ಆಫ್ ಸ್ವಿಚ್ ಕೊಡಿ, ಕಾಂಟ್ಯಾಕ್ಟರ್ ಕಾಯಿಲ್ ಸರಣಿಯಲ್ಲಿ ಕೆಂಪು ಎಮರ್ಜೆನ್ಸಿ ಬಟನ್ ಕೈಗೆ ಎಟುಕುವಲ್ಲಿ ಇರಲಿ.

ಮೊದಲ ಸಲ ಚಕ್ರ ಎತ್ತಿ ಓಡಿಸಿ. ಮೋಟಾರ್ ನಡುಗುತ್ತಾ, ಹೊರೆಯಿಲ್ಲದೆಯೂ ಹೆಚ್ಚು ಕರೆಂಟ್ ಎಳೆದರೆ ಮೋಟಾರಿನ ಹಾಲ್ ವೈರಿಗೂ (ರೋಟರ್ ಎಲ್ಲಿದೆ ಎಂದು ತಿಳಿಸುವ ಸೆನ್ಸರಿನದು) ಫೇಸ್ ವೈರಿಗೂ (ಮೋಟಾರಿಗೆ ಕರೆಂಟ್ ಒಯ್ಯುವುದು) ಹೊಂದಿಕೆಯಾಗಿಲ್ಲ ಅಂತ. ಹಾಲ್ ವೈರ್ ಹಾಗೇ ಬಿಟ್ಟು, ಮೂರು ಫೇಸ್ ವೈರಿನ ಆರು ಜೋಡಣೆ ಒಂದೊಂದಾಗಿ ನೋಡಿ, ಪ್ರತಿ ಸಲ ಪವರ್ ಆಫ್ ಮಾಡಿ ಬದಲಿಸಿ. ಮೆತ್ತಗೆ ತಿರುಗಿ, ಕಡಿಮೆ ಕರೆಂಟ್ ತಿನ್ನುವುದೇ ಸರಿಯಾದ ಜೋಡಣೆ.