ವರ್ಜೀನಿಯಾ ವುಲ್ಫ್ ಅವರಿಂದ ಕಲಿಯುವುದು ಹೇಗೆ?

ಪ್ರಶ್ನೆ: ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ ‘ಟು ದಿ ಲೈಟ್‌ಹೌಸ್’ (1927) ಕಾದಂಬರಿ ಓದಿದಾಗಲೆಲ್ಲ ಬರೆಯುವ ಹುಮ್ಮಸ್ಸು ಹುಟ್ಟುತ್ತದೆ, ಬರೆಯಲು ಕುಳಿತರೆ ಮಾತ್ರ ವುಲ್ಫ್ ಅವರ ವಾಕ್ಯಗಳ ನಕಲೇ ಬರುತ್ತದೆ. ಏನು ಮಾಡಲಿ?

ಉತ್ತರ: ವಾಕ್ಯಗಳನ್ನು ಬಿಟ್ಟು ರಚನೆಯನ್ನು ಗಮನಿಸಿ. ಕಾದಂಬರಿಯ ನಡುಭಾಗದಲ್ಲಿ ಹತ್ತು ವರ್ಷಗಳು ಖಾಲಿ ಮನೆಯ ಧೂಳು, ಗಾಳಿ, ತೇವಗಳ ವರ್ಣನೆಯಲ್ಲೇ ಸರಿದುಹೋಗುತ್ತವೆ. ಅಷ್ಟರಲ್ಲಿ ನಮಗೆ ಆಪ್ತರಾಗಿಬಿಟ್ಟಿರುವ ಮಿಸೆಸ್ ರಾಮ್ಸೆ ಅವರ ಸಾವು ಆವರಣ ಚಿಹ್ನೆಯೊಳಗಿನ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಯಾವುದಕ್ಕೆ ಎಷ್ಟು ಜಾಗ ಕೊಡಬೇಕೆಂಬ ಈ ಧೈರ್ಯವನ್ನು ನಕಲು ಮಾಡಿದರೂ ಬರಹ ನಿಮ್ಮದಾಗಿಯೇ ಉಳಿಯುತ್ತದೆ.

ಇನ್ನೊಬ್ಬರ ಉತ್ತರ: ಒಪ್ಪುತ್ತೇನೆ. ಆದರೆ 1917ರಲ್ಲಿ ಪತಿ ಲಿಯೊನಾರ್ಡ್ ಅವರೊಂದಿಗೆ ಹೋಗಾರ್ತ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆ ಆರಂಭಿಸಿ, ಸ್ವತಃ ಅಚ್ಚುಮೊಳೆ ಜೋಡಿಸುತ್ತಿದ್ದ ವುಲ್ಫ್ ಅವರಿಗೆ ಈ ಕಾದಂಬರಿಯ ಹೊತ್ತಿಗೆ ಬೇರೆ ಪ್ರಕಾಶಕರ ಹಂಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಆರು ದನಿಗಳ ‘ದಿ ವೇವ್ಸ್’ (1931) ಕಾದಂಬರಿಯನ್ನೂ ಹೀಗೆಯೇ, ರಚನೆಗಾಗಿ, ಓದಿ ನೋಡುತ್ತೇನೆ.