ಒಂದು ವರ್ಷ ಹೊರದೇಶದಲ್ಲಿ ವಾಸ: ಹೊರಡೋ ಮುಂಚೆ ಇಲ್ಲೇ ಮುಗಿಸಬೇಕಾದ ಕೆಲಸ ಯಾವುವು?

ಹೊರಟುನಿಂತವಳು:

ಇನ್ನು 14 ವಾರ ಇದೆ. ಒಂದು ವರ್ಷ ಬೇರೆ ದೇಶದಲ್ಲಿ ಇರಬೇಕು. ಭಾಷೆ ಬೇರೆ, ರೀತಿನೀತಿ ಬೇರೆ. ಮಾಡಬೇಕಾದ್ದರ ಪಟ್ಟಿ 90 ಸಾಲು ದಾಟಿದೆ, ಅದರಲ್ಲಿ ಅರ್ಧ ಬರೀ ಸೂಟ್‌ಕೇಸಿನ ವಿಷಯ. ಯಾವುದನ್ನು ಮೊದಲು ಹಿಡಿಯಬೇಕು ಅನ್ನೋದೇ ಬಗೆಹರಿಯುತ್ತಿಲ್ಲ. ಮುಖ್ಯವಾಗಿ ನಾಲ್ಕು ಪ್ರಶ್ನೆ. ಮೂಲ ದಾಖಲೆಗಳಿಗೆ ಏನೇನು ಮುದ್ರೆ ಬೇಕು? ದಿನವೂ ನುಂಗುವ ಮಾತ್ರೆಯನ್ನು ವರ್ಷಕ್ಕಾಗುವಷ್ಟು ಒಯ್ಯಬಹುದಾ? ಈಗಿರುವ ಫೋನ್ ನಂಬರ್ ಏನು ಮಾಡಲಿ? ಮೂರನೇ ತಿಂಗಳಿಗೆ ಕಲ್ಚರ್ ಶಾಕ್ (ಹೊಸ ದೇಶದ ರೀತಿಗೆ ಒಗ್ಗದೆ ಕಂಗಾಲಾಗೋದು) ಬರುತ್ತೆ ಅಂತ ಎಲ್ಲ ಕಡೆ ಓದಿದೆ, ಅದಕ್ಕೆ ಮೊದಲೇ ಏನಾದರೂ ತಯಾರಿ ಇದೆಯಾ? ಬಲ್ಲವರು ದಯವಿಟ್ಟು ಹೇಳಿ.

ಮೊಹರು_ಸಹಿ:

ಪಟ್ಟಿಯ ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಈ ಕೆಲಸಕ್ಕೆ ನಾನು ಖುದ್ದಾಗಿ ಇಲ್ಲೇ ಇರಬೇಕಾ? ಸಹಿ, ಬೆರಳಚ್ಚು, ಮೂಲ ಕಾಗದ, ಹಲ್ಲು, ತೋಳಿಗೆ ಚುಚ್ಚುವ ಸೂಜಿ, ಇಂಥವು ಹದಿನೈದು ಇಪ್ಪತ್ತು ಸಿಗುತ್ತವೆ. ಮೊದಲ ಹತ್ತು ವಾರ ಅವಕ್ಕೇ ಮೀಸಲು. ಸೂಟ್‌ಕೇಸ್ ಕೊನೇ ವಾರದ ಕೆಲಸ.

ಪಾಸ್‌ಪೋರ್ಟಿನಿಂದ ಶುರು ಮಾಡಿ. ಬಹಳ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ, ಪಾಸ್‌ಪೋರ್ಟ್ ಮುಗಿಯುವ ತಾರೀಕು ದಾಟಿ ವೀಸಾ ಕೊಡದ ದೇಶಗಳೂ ಇವೆ. ಒಂದು ವರ್ಷದ ವಾಸ ಅಂದರೆ ಹೊರಡುವ ದಿನಕ್ಕೆ ಕನಿಷ್ಠ 18 ತಿಂಗಳು ಉಳಿದಿರಲಿ. ಅಷ್ಟಿಲ್ಲದಿದ್ದರೆ ವೀಸಾಗೆ ಅರ್ಜಿ ಹಾಕುವ ಮೊದಲೇ ನವೀಕರಿಸಿ. ವೀಸಾ ಆದಮೇಲೆ ನವೀಕರಿಸಿದರೆ ಎರಡು ಪುಸ್ತಕ ಹೊತ್ತು ಪ್ರತಿ ಗಡಿಯಲ್ಲೂ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ.

ಮುದ್ರೆಯ ವಿಷಯ. ಜನನ ಪ್ರಮಾಣಪತ್ರ, ಪದವಿ ಪತ್ರ, ಮದುವೆಯಾಗಿದ್ದರೆ ಅದರ ಪತ್ರ ಇವಕ್ಕೆ ಅಪಾಸ್ಟಿಲ್ ಅನ್ನುವ ಸರ್ಕಾರಿ ದೃಢೀಕರಣದ ಹಾಳೆ ಕೇಳುತ್ತಾರೆ. ಇದು 1961ರ ಹೇಗ್ ಒಪ್ಪಂದದಿಂದ ಬಂದದ್ದು. ಕಾಗದದ ಮೇಲಿರುವ ಸಹಿ ಮತ್ತು ಮೊಹರು ಅಸಲಿ ಅಂತ ಮಾತ್ರ ಹೇಳುತ್ತದೆ, ಒಳಗೆ ಬರೆದದ್ದು ನಿಜ ಅಂತ ಅಲ್ಲ. ಕಾಗದ ಯಾವ ದೇಶದ್ದೋ ಅಪಾಸ್ಟಿಲ್ ಹಾಕುವುದೂ ಆ ದೇಶವೇ. ಹೋದಮೇಲೆ ಅಲ್ಲಿನ ಕಚೇರಿಯಲ್ಲಿ ಮಾಡಿಸಿಕೊಳ್ಳೋಣ ಅಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅದಕ್ಕೆ ಇನ್ನೂ ಹೆಚ್ಚು ದಿನ. ಚೀನಾದಲ್ಲಿ ಒಪ್ಪಂದ ಜಾರಿಯಾದದ್ದು 2023ರ ನವೆಂಬರಿನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಸಲಹೆಗಳನ್ನು ನೆಚ್ಚಿಕೊಳ್ಳಬೇಡಿ.

ಕ್ರಮ ತಪ್ಪಬಾರದು: ಮೊದಲು ಅಪಾಸ್ಟಿಲ್, ಆಮೇಲೆ ಅನುವಾದ. ತಿರುವುಮುರುವಾದರೆ ಅಪಾಸ್ಟಿಲ್ಲಿನ ಹಾಳೆ ಅನುವಾದವಾಗದೆ ಉಳಿಯುತ್ತದೆ, ಕೆಲವು ಕಚೇರಿ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತವೆ. ಅನುವಾದಕರು ಅಲ್ಲಿನ ಕೋರ್ಟಿನಲ್ಲಿ ಪ್ರಮಾಣ ಮಾಡಿದವರೇ ಆಗಿರಬೇಕಾ ಅಂತಲೂ ವಿಚಾರಿಸಿ. ಹೌದಾದರೆ ಇಲ್ಲಿ ಮಾಡಿಸಿದ ಅನುವಾದಕ್ಕೆ ಕೊಟ್ಟ ದುಡ್ಡು ದಂಡ.

ಅಪಾಸ್ಟಿಲ್ ಹಾಳೆಯನ್ನು ಮೂಲ ಕಾಗದಕ್ಕೆ ಸ್ಟೇಪಲ್ ಪಿನ್ನಿನಿಂದಲೋ ದಾರದಿಂದಲೋ ಸೇರಿಸಿ, ಆ ಜಾಗಕ್ಕೇ ಮೊಹರು ಬೀಳುವ ಹಾಗೆ ಒತ್ತಿರುತ್ತಾರೆ. ಜೆರಾಕ್ಸ್ ಮಾಡುವಾಗ ಚೆನ್ನಾಗಿ ಬರಲಿ ಅಂತ ಆ ಪಿನ್ ಕಿತ್ತರೆ ಕಥೆ ಮುಗಿಯಿತು. ಮತ್ತೆ ಹೊಡೆದುಕೊಂಡರೂ ಹಳೇ ತೂತು ಹೊಸ ತೂತು ಎರಡೂ ಕಾಣುತ್ತವೆ. ಮಡಚಿಯೇ ಸ್ಕ್ಯಾನ್ ಮಾಡಿ, ಮೂಲೆ ಕಪ್ಪಾಗಿ ಬಂದರೆ ಬರಲಿ. ಅಂಗಡಿಯವರ ಕೈಗೆ ಕೊಟ್ಟು ಬೇರೆ ಕಡೆ ತಿರುಗಬೇಡಿ.

ಪೊಲೀಸ್ ಕ್ಲಿಯರೆನ್ಸ್ (ನಿಮ್ಮ ಮೇಲೆ ಕೇಸಿಲ್ಲ ಅನ್ನುವ ಪತ್ರ) ಮಾತ್ರ ಅವಸರಪಡುವಂಥದ್ದಲ್ಲ. ಮೂರು ಅಥವಾ ಆರು ತಿಂಗಳಿಗಿಂತ ಹಳೆಯದು ಬೇಡ ಅನ್ನುವ ದೇಶಗಳೇ ಹೆಚ್ಚು. ವೀಸಾ ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸಿ ಮಾಡಿಸಿ.

ಪವರ್ ಆಫ್ ಅಟಾರ್ನಿ (ನಿಮ್ಮ ಪರವಾಗಿ ಸಹಿ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ): ಬ್ಯಾಂಕು, ಮನೆ, ತೆರಿಗೆ ಇವುಗಳಲ್ಲಿ ಯಾವ ಯಾವ ಕೆಲಸಕ್ಕೆ ಅಧಿಕಾರ ಅಂತ ಬಿಡಿಸಿ ಬರೆದು, ಕೊನೇ ದಿನಾಂಕ ಹಾಕಿ ನೋಟರಿ ಮಾಡಿಸಿ. ‘ಎಲ್ಲದಕ್ಕೂ’ ಅಂತ ಬರೆದುಕೊಟ್ಟರೆ ಬ್ಯಾಂಕಿನವರೂ ಒಪ್ಪಲಿಕ್ಕಿಲ್ಲ, ನಿಮಗೂ ಒಳ್ಳೆಯದಲ್ಲ. ಬ್ಯಾಂಕಿಗೆ ತಮ್ಮದೇ ಫಾರಂ ಇದ್ದರೆ ಅದನ್ನೂ ತುಂಬಿಕೊಡಿ.

ಹೊರದೇಶದಲ್ಲಿ ಗಾಡಿ ಓಡಿಸಲು ಬೇಕಾದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಸಹ ಇಲ್ಲೇ, ಲೈಸೆನ್ಸ್ ಕೊಟ್ಟ ದೇಶದಲ್ಲೇ ಆಗಬೇಕು. 1949ರ ಜಿನೀವಾ ಮಾದರಿ, 1968ರ ವಿಯೆನ್ನಾ ಮಾದರಿ ಅಂತ ಎರಡಿವೆ. ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ. ಆ ಮಾದರಿಯ ಆಯುಷ್ಯ ಒಂದೇ ವರ್ಷ, ಹಾಗಾಗಿ ಹೊರಡುವ ಹತ್ತಿರಕ್ಕೆ ಮಾಡಿಸಿ.

ಗುಳಿಗೆಡಬ್ಬಿ:

ಮಾತ್ರೆ ಪ್ರಶ್ನೆಗೆ ನೇರ ಉತ್ತರ: ವರ್ಷದ್ದು ಒಟ್ಟಿಗೆ ಒಯ್ಯೋಕೆ ಹೆಚ್ಚಿನ ಕಡೆ ಬಿಡಲ್ಲ. ಜಪಾನಿನಲ್ಲಿ ಚೀಟಿ ಮೇಲಿನ ಔಷಧಿ ಒಂದು ತಿಂಗಳದ್ದಕ್ಕಿಂತ ಹೆಚ್ಚಿದ್ದರೆ ಮೊದಲೇ ಆಮದು ಪ್ರಮಾಣಪತ್ರ ತಗೊಂಡಿರಬೇಕು. ನಿದ್ದೆ, ನೋವು, ಆತಂಕ, ಏಕಾಗ್ರತೆಗೆ ಕೊಡೋ ಮಾತ್ರೆಗಳಲ್ಲಿ ಇನ್ನೂ ಬಿಗಿ. ಆಂಫೆಟಮಿನ್ ಜಾತಿಯದ್ದು ಜಪಾನಿಗೆ ಡಾಕ್ಟರ ಚೀಟಿ ಇದ್ದರೂ ನಿಷಿದ್ಧ. ನೆಗಡಿ ಮಾತ್ರೆಯಲ್ಲಿರೋ ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿದ್ದರೂ ಅಲ್ಲಿ ಆಗಲ್ಲ. ಕೊಡೀನ್, ಟ್ರಾಮಡಾಲ್ ಇದ್ದರೆ ಯುಎಇಗೆ ಮುಂಗಡ ಅನುಮತಿ ಬೇಕು. ನಿಮ್ಮ ಮಾತ್ರೆಯ ಮೂಲವಸ್ತುವಿನ ಹೆಸರು ಹಿಡಿದು ಆ ದೇಶದ ಆರೋಗ್ಯ ಇಲಾಖೆಯ ತಾಣದಲ್ಲೇ ನೋಡಿ, ಬ್ರ್ಯಾಂಡ್ ಹೆಸರು ಹಿಡಿದು ಹುಡುಕಿದರೆ ಏನೂ ಸಿಗಲ್ಲ.

ಆ ಮೂಲ ಹೆಸರೂ ಎಲ್ಲ ಕಡೆ ಒಂದೇ ಇರಲ್ಲ. ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್. ಉಬ್ಬಸದ ಪಂಪಿನ ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಡಾಕ್ಟರ ಹತ್ತಿರ ಹೀಗೆ ಬರೆಸಿ: ಕಾಯಿಲೆ, ಮೂಲವಸ್ತು, ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಒಟ್ಟು ಎಷ್ಟು ಮಾತ್ರೆ ಒಯ್ಯುತ್ತಿದ್ದೀರಿ. ಚೀಟಿಯ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಮಾತ್ರೆ ಮೂಲ ಪ್ಯಾಕಿನಲ್ಲೇ ಇರಲಿ. ವಾರದ ಡಬ್ಬಿಗೆ ಸುರಿದುಕೊಂಡು ಹೋದರೆ ಯಾವ ಬಿಳಿ ಗುಳಿಗೆ ಯಾವುದು ಅಂತ ಕಸ್ಟಮ್ಸ್‌ನವರಿಗೆ ಹೇಗೆ ತೋರಿಸ್ತೀರಿ? ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ.

ಲಸಿಕೆಗೆ 14 ವಾರ ಸಾಕು ಅನ್ನಿಸುತ್ತೆ, ಆದರೆ ಬಿಗಿಯೇ. ಹೆಪಟೈಟಿಸ್ ಬಿ ಮಾಮೂಲಿ ಕ್ರಮ 0, 1, 6 ತಿಂಗಳು. ಎರಡು ಇಲ್ಲಿ ಹಾಕಿಸಿ, ಮೂರನೆಯದು ಅಲ್ಲಿ. ಲಸಿಕೆಯ ಕಾರ್ಡ್ ಮಾತ್ರ ಮರೆಯಬೇಡಿ. ರೇಬೀಸ್ ಮುಂಜಾಗ್ರತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ 0 ಮತ್ತು 7ನೇ ದಿನ. ಹಳದಿ ಜ್ವರದ ಪ್ರಮಾಣಪತ್ರ ಚುಚ್ಚಿದ 10 ದಿನದ ನಂತರವೇ ಊರ್ಜಿತ. 2016ರ ಜುಲೈನಿಂದ ಅದಕ್ಕೆ ಜೀವನಪರ್ಯಂತ ಮಾನ್ಯತೆ. ದಡಾರ, ಹಳದಿ ಜ್ವರದಂಥ ಸಜೀವ ಲಸಿಕೆಗಳು ಒಂದೇ ದಿನ ಇಲ್ಲವೇ ನಾಲ್ಕು ವಾರ ಅಂತರದಲ್ಲಿ. ಎಲ್ಲರೂ ಎಡವೋದು ಇಲ್ಲಿ: ವೀಸಾಗೆ ಚರ್ಮಕ್ಕೆ ಚುಚ್ಚಿ ಮಾಡೋ ಟಿಬಿ ಪರೀಕ್ಷೆ ಕೇಳಿದ್ದರೆ ಅದನ್ನು ದಡಾರದ ಲಸಿಕೆಗೆ ಮೊದಲು ಅಥವಾ ಅದೇ ದಿನ ಮಾಡಿಸಿ. ಲಸಿಕೆ ಆದಮೇಲೆ ಮಾಡಿಸಿದರೆ ಸೋಂಕಿದ್ದರೂ ಇಲ್ಲ ಅಂತ ತೋರಿಸಬಹುದು, ಅದಕ್ಕೇ ನಾಲ್ಕರಿಂದ ಆರು ವಾರ ಕಾಯಿರಿ ಅಂತಾರೆ.

ಹಲ್ಲು! ಇವತ್ತೇ ಎಕ್ಸ್‌ರೇ ತೆಗೆಸಿ. ರೂಟ್ ಕೆನಾಲ್ ಬಂದರೆ ಮೂರು ನಾಲ್ಕು ಸಲ ಹೋಗಬೇಕು, ಕ್ಯಾಪ್ ಬೇರೆ. ಪ್ರವಾಸದ ವಿಮೆಗಳಲ್ಲಿ ಹಲ್ಲಿಗೆ ಸಿಗೋದು ಸಾಮಾನ್ಯವಾಗಿ ತುರ್ತು ನೋವಿಗೆ ಮಾತ್ರ. ಜೊತೆಗೆ, ಪ್ರವಾಸದ ವಿಮೆ ಅನ್ನೋದು ವರ್ಷದ ವಾಸಕ್ಕೆ ಮಾಡಿದ್ದೇ ಅಲ್ಲ. ಪಾಲಿಸಿಯಲ್ಲಿ ‘ಮೊದಲೇ ಇದ್ದ ಕಾಯಿಲೆ’ ಅನ್ನೋ ಕಲಮು ಓದದೆ ದುಡ್ಡು ಕಟ್ಟಬೇಡಿ.

ಆರಂಕಿಓಟಿಪಿ:

ಫೋನ್ ನಂಬರ್ ಬಿಡಬೇಡಿ, ಆದರೆ ಅದನ್ನೇ ನಂಬಿಕೊಂಡೂ ಇರಬೇಡಿ.

ಒಂದು ಶನಿವಾರ ಬೆಳಿಗ್ಗೆ ಸಿಮ್ ತೆಗೆದು ಡ್ರಾಯರಿಗೆ ಹಾಕಿ, ಭಾನುವಾರ ರಾತ್ರಿವರೆಗೆ ಬರೀ ವೈಫೈ ಮೇಲೆ ಬದುಕಿ. ಬ್ಯಾಂಕ್, ಈಮೇಲ್, ತೆರಿಗೆ ತಾಣ, ವಿಮೆ, ಎಲ್ಲದರಿಂದ ಲಾಗ್ ಔಟ್ ಆಗಿ ಮತ್ತೆ ಒಳಗೆ ಹೋಗಿ ನೋಡಿ. ಎಲ್ಲೆಲ್ಲಿ ‘ನಿಮ್ಮ ಮೊಬೈಲಿಗೆ ಕೋಡ್ ಕಳಿಸಿದ್ದೇವೆ’ ಅಂತ ನಿಂತುಹೋಯಿತೋ ಅದನ್ನು ಬರೆದುಕೊಳ್ಳಿ. ಅದೇ ನಿಮ್ಮ ಕೆಲಸದ ಪಟ್ಟಿ. ಒಂದೊಂದನ್ನೂ ಅಥೆಂಟಿಕೇಟರ್ ಆ್ಯಪಿಗೋ (ಫೋನಿನಲ್ಲೇ ಕೋಡ್ ಹುಟ್ಟಿಸುವ ಆ್ಯಪ್) ಪಾಸ್‌ಕೀಗೋ (ಬೆರಳಚ್ಚು ಅಥವಾ ಫೋನ್ ಲಾಕಿನಿಂದಲೇ ಒಳಗೆ ಬಿಡುವ ಕೀಲಿ) ಬದಲಿಸಿ. ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿ ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಮನೆಯಲ್ಲಿ ಇಡಿ. ಎಸ್‌ಎಂಎಸ್ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವ ಬ್ಯಾಂಕ್ ಉಳಿದರೆ ಆ ನಂಬರಿಗೆ ರೋಮಿಂಗ್ ಇಲ್ಲಿಂದಲೇ ಚಾಲೂ ಮಾಡಿಸಿ. ಬಹಳ ದಿನ ಬಳಸದ ನಂಬರನ್ನು ಕಂಪನಿಗಳು ಕಿತ್ತು ಬೇರೆಯವರಿಗೆ ಕೊಡುತ್ತವೆ, ಆದ್ದರಿಂದ ಕನಿಷ್ಠ ರೀಚಾರ್ಜಿನ ತಾರೀಕುಗಳನ್ನು ಕ್ಯಾಲೆಂಡರಿಗೆ ಹಾಕಿಡಿ. ಫೋನ್ ಅನ್‌ಲಾಕ್ ಆಗಿದೆಯಾ ಅಂತ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ.

ಕಾರ್ಡು: ಎರಡು ಬೇರೆ ಬ್ಯಾಂಕಿನದು, ಎರಡು ಬೇರೆ ಕಾರ್ಡ್ ನೆಟ್‌ವರ್ಕಿನದು (ಮಾಸ್ಟರ್‌ಕಾರ್ಡ್, ರುಪೇ ಥರದ್ದು), ಒಂದೇ ಪರ್ಸಿನಲ್ಲಿ ಬೇಡ. ಹಿಂತಿರುಗುವ ಮೊದಲೇ ಅವಧಿ ಮುಗಿಯುವ ಕಾರ್ಡನ್ನು ಈಗಲೇ ಬದಲಿಸಿ. ಹೊಸದು ಅಂಚೆಯಲ್ಲಿ ಇಲ್ಲಿನ ವಿಳಾಸಕ್ಕೆ ಬಂದು ಕೂತರೆ ನಿಮಗೆ ಪ್ರಯೋಜನವಿಲ್ಲ. ಅಲ್ಲಿನ ಎಟಿಎಂ ‘ನಿಮ್ಮ ದೇಶದ ಹಣದಲ್ಲಿ ಕಡಿತ ಮಾಡಲಾ?’ ಅಂತ ಕೇಳಿದರೆ ಬೇಡ ಅನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಮೊದಲನೆಯದರಲ್ಲಿ ವಿನಿಮಯ ದರ ಹಾಕುವುದು ಆ ಯಂತ್ರದವರು, ಅವರ ಲಾಭವೂ ಅದರೊಳಗೇ.

ಹೋದಮೇಲೆ ಬರುವ ಗಂಟು ಇದು: ವಿಳಾಸ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಬ್ಯಾಂಕ್ ಖಾತೆ ಕಷ್ಟ, ಖಾತೆ ಇಲ್ಲದೆ ಮನೆ ಕಷ್ಟ. ಜರ್ಮನಿಯಲ್ಲಿ ಮನೆಗೆ ಹೋದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಜಪಾನಿನಲ್ಲೂ ಗಡುವು 14 ದಿನ, ಇಟಲಿಯಲ್ಲಿ ವಾಸದ ಪರವಾನಗಿಗೆ 8 ಕೆಲಸದ ದಿನ. ಆದ್ದರಿಂದ ಮೊದಲ ತಿಂಗಳ ತಂಗುದಾಣ ಕಾಯ್ದಿರಿಸುವಾಗ ಬಾಡಿಗೆಗಿಂತ ಮುಂಚೆ ಕೇಳಬೇಕಾದ್ದು ‘ವಿಳಾಸ ನೋಂದಣಿಗೆ ಪತ್ರ ಕೊಡುತ್ತೀರಾ?’ ಅಂತ. ಉತ್ತರ ಇಲ್ಲ ಅಂದರೆ ಎಷ್ಟು ಅಗ್ಗವಾದರೂ ಬಿಡಿ. ಮುಂಗಡ, ಮೊದಲ ಬಾಡಿಗೆ, ಖಾತೆ ತೆರೆಯುವವರೆಗಿನ ನಾಲ್ಕು ವಾರದ ಖರ್ಚು, ಇಷ್ಟು ಹಣ ಸಂಬಳ ಬರುವ ಮೊದಲೇ ಕೈಗೆ ಸಿಗುವಂತಿರಬೇಕು. ಜರ್ಮನಿಯಲ್ಲಿ ಮುಂಗಡವೇ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಹೋಗಬಹುದು.

ಹೊರಟುನಿಂತವಳು:

ತುಂಬಾ ಉಪಕಾರ. ಸಿಮ್ ತೆಗೆಯೋ ಉಪಾಯ ಈ ಶನಿವಾರವೇ. ಎಲೆಕ್ಟ್ರಿಕ್ ಸಾಮಾನುಗಳಲ್ಲಿ ಏನು ಒಯ್ಯಲಿ?

ಮೂರುಪಿನ್ನು:

ಚಾರ್ಜರಿನ ಮೈಮೇಲಿನ ಸಣ್ಣ ಅಕ್ಷರ ಓದಿ. ‘100-240’ ಅಂತ ಇದ್ದರೆ ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ಸಾಕು. ಬರೀ ‘230’ ಅಂತ ಇರುವ ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಬಿಟ್ಟುಹೋಗಿ. 120 ವೋಲ್ಟಿನಲ್ಲಿ ಅವುಗಳ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. 120ರದ್ದನ್ನು 230ಕ್ಕೆ ಚುಚ್ಚಿದರೆ ನಾಲ್ಕು ಪಟ್ಟು ಹತ್ತಿರ ಏರಿ ಸುಟ್ಟೇ ಹೋಗುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ, 100 ವ್ಯಾಟ್-ಅವರ್ ಒಳಗೆ. ಲೆಕ್ಕ: 20,000 ಎಂಎಎಚ್ ಗುಣಿಸು 3.7 ವೋಲ್ಟ್, ಭಾಗಿಸು 1000, ಅಂದರೆ 74. ಅಡಾಪ್ಟರ್ ಒಂದೇ ಸಾಕು, ಜೊತೆಗೆ ಇಲ್ಲಿನದೇ ಎಕ್ಸ್‌ಟೆನ್ಷನ್ ಬೋರ್ಡ್ ಒಂದು.

ಹೊಸಿಲಾಚೆ:

ಕಲ್ಚರ್ ಶಾಕ್ ಬಗ್ಗೆ ಯಾರೂ ಬರೆದಿಲ್ಲವಲ್ಲ. ಆ ‘ಮೂರನೇ ತಿಂಗಳು’ ಅನ್ನುವುದನ್ನು ಅಷ್ಟು ನೆಚ್ಚಬೇಡಿ. ‘ಕಲ್ಚರ್ ಶಾಕ್’ ಅನ್ನುವ ಮಾತನ್ನು ಪ್ರಚಾರಕ್ಕೆ ತಂದವರು ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್, 1950ರ ದಶಕದಲ್ಲಿ. ಮೊದಲು ಸಂಭ್ರಮ, ಆಮೇಲೆ ಕುಸಿತ, ಮತ್ತೆ ಚೇತರಿಕೆ ಅನ್ನುವ ‘ಯು’ ಆಕಾರದ ರೇಖೆ 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಲೀಸ್‌ಗಾರ್ಡ್ ಅವರ ಅಧ್ಯಯನದಿಂದ ಬಂತು. ಅವರು ನೋಡಿದ್ದು ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು, ಅಲ್ಲಿ ಕಷ್ಟದ ಕಾಲ ಕಂಡದ್ದು 6ರಿಂದ 18 ತಿಂಗಳು ಇದ್ದವರಲ್ಲಿ. ನ್ಯೂಜಿಲೆಂಡಿಗೆ ಹೋದ ಜಪಾನೀ ವಿದ್ಯಾರ್ಥಿಗಳ ಬೆನ್ನುಹಿಡಿದು ಮನಶ್ಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ್ದು ಬೇರೆಯದೇ ಚಿತ್ರ: ಸಂಕಟ ಹೆಚ್ಚಿದ್ದದ್ದು ಕಾಲಿಟ್ಟ ಹೊತ್ತಿನಲ್ಲೇ. ನನ್ನ ಮತ ಎರಡನೆಯದರ ಕಡೆಗೆ. ಮೊದಲ ತಿಂಗಳಲ್ಲಿ ನಿದ್ದೆಯಿಲ್ಲ, ಪರಿಚಯದವರಿಲ್ಲ, ಕಚೇರಿ ಕೆಲಸಗಳೆಲ್ಲ ಒಟ್ಟಿಗೆ ಮೈಮೇಲೆ. ತಯಾರಿ ಆ ತಿಂಗಳಿಗೆ ಆಗಬೇಕು.

ಭಾಷೆಯಲ್ಲಿ ‘ನಿಲ್ದಾಣ ಎಲ್ಲಿದೆ’ ಅನ್ನುವುದನ್ನು ಫೋನೇ ಹೇಳುತ್ತದೆ. ಕಲಿಯಬೇಕಾದ್ದು ಕಿವಿಗೆ ಬೀಳುವ ಅಂಕಿ. ಜರ್ಮನ್ನಿನಲ್ಲಿ 21 ಅನ್ನುವುದು ‘ಒಂದು-ಮತ್ತು-ಇಪ್ಪತ್ತು’. ಕೇಳಿದ ಹಾಗೆ ಬರೆದುಕೊಂಡರೆ 12 ಆಗಿ ಹೋಗುತ್ತದೆ. ಫ್ರಾನ್ಸಿನಲ್ಲಿ ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಓದುತ್ತಾರೆ, ಅದರಲ್ಲಿ 97 ಬಂದರೆ ‘ನಾಲ್ಕು-ಇಪ್ಪತ್ತು-ಹತ್ತು-ಏಳು’. ನೀವು 4, 20 ಅಂತ ಬರೆಯುವಷ್ಟರಲ್ಲಿ ಅವರು ಮುಂದಕ್ಕೆ ಹೋಗಿರುತ್ತಾರೆ. ದಿನಕ್ಕೆ ಹತ್ತು ನಿಮಿಷ ಯಾರಾದರೂ ಓದಿದ ಅಂಕಿ, ತಾರೀಕು, ಸಮಯ ಬರೆದುಕೊಳ್ಳುವ ಅಭ್ಯಾಸ ಮಾಡಿ. ನಿಮ್ಮ ಹೆಸರನ್ನು ಅವರ ಅಕ್ಷರಗಳ ಹೆಸರಿನಲ್ಲಿ ಬಿಡಿಸಿ ಹೇಳುವುದು, ‘ದಯವಿಟ್ಟು ಬರೆದು ತೋರಿಸಿ’ ಅನ್ನುವುದು, ಇವೆರಡು ಬಾಯಿಪಾಠ ಆಗಲಿ.

ರೀತಿನೀತಿ ಓದುವಾಗ ಹಬ್ಬ, ಉಡುಪಿಗಿಂತ ‘ಬೇಡ’ ಅನ್ನುವುದನ್ನು ಅವರು ಹೇಗೆ ಹೇಳುತ್ತಾರೆ ಅನ್ನುವುದನ್ನು ತಿಳಿದುಕೊಳ್ಳಿ. ‘ಯೋಚಿಸುತ್ತೇವೆ’ ಅಂದರೆ ಕೆಲವು ಕಡೆ ನಿಜವಾಗಿ ಯೋಚನೆ, ಕೆಲವು ಕಡೆ ಅದೇ ನಿರಾಕರಣೆ.

ಮನೆಯವರಿಗೆ ಕರೆ ಮಾಡುವ ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಿ, ವಾರಕ್ಕೆ ಎರಡು ಸಲ ಸಾಕು. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೇ ಭಾನುವಾರ ಗಡಿಯಾರ ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚಿನ ಎರಡನೇ, ನವೆಂಬರಿನ ಮೊದಲ ಭಾನುವಾರ. ಇದನ್ನು ಮನೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ, ಇಲ್ಲದಿದ್ದರೆ ಆ ವಾರ ಒಂದು ಗಂಟೆ ನೀವು ಎತ್ತಲಿಲ್ಲ ಅಂತ ಎಲ್ಲರಿಗೂ ಗಾಬರಿ.

ಹೊರಟುನಿಂತವಳು:

ಮೊಹರು_ಸಹಿ ಅವರೇ, ಈಗ ನೋಡಿದೆ, ಜನನ ಪ್ರಮಾಣಪತ್ರ ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ. ತೊಂದರೆ ಇದೆಯಾ?

ಮೊಹರು_ಸಹಿ:

ಇದೆ. ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುವುದಿಲ್ಲ, ಹೆಚ್ಚಿನ ಕಚೇರಿಗಳು ಮುಟ್ಟದೆ ವಾಪಸ್ ಕೊಡುತ್ತವೆ. ದಯವಿಟ್ಟು ಸುಲಿಯಲು ಹೋಗಬೇಡಿ, ಶಾಯಿ ಪ್ಲಾಸ್ಟಿಕ್ಕಿನ ಜೊತೆಗೇ ಬರುತ್ತದೆ. ನೋಂದಣಿ ಕಚೇರಿಯಿಂದ ಹೊಸ ದೃಢೀಕೃತ ಪ್ರತಿ ಎರಡು ತೆಗೆಸಿ. ನಾಳೆಯೇ ಅರ್ಜಿ ಹಾಕಿ, ಅಪಾಸ್ಟಿಲ್ ಅದರ ಹಿಂದೆಯೇ ನಿಂತಿರುತ್ತದೆ.